ಸೂತಕಕ್ಕೆ ಹಾಕಿದ ದೇವರ ಮನೆ ಬಾಗಿಲು ಇನ್ನೂ ತೆಗೆದಿಲ್ಲ

ಪ್ರಶ್ನೆ: ದುರ್ಗದ ಟೈಲರ್

ಎಲ್ಲರಿಗೂ ನಮಸ್ಕಾರ. ಇಲ್ಲಿ ಬರೆಯುತ್ತಿರುವುದು ಇದೇ ಮೊದಲು. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಾನು ಚಿತ್ರದುರ್ಗದಲ್ಲಿ ಮನೆಯಲ್ಲೇ ಮಿಷನ್ ಇಟ್ಟುಕೊಂಡು ಬಟ್ಟೆ ಹೊಲಿಯುತ್ತೇನೆ. ಬ್ಲೌಸ್, ಚೂಡಿದಾರ್, ಸ್ಕೂಲ್ ಯೂನಿಫಾರ್ಮ್, ಸೀರೆಗೆ ಫಾಲ್. ತವರು ಹಿರಿಯೂರು ಕಡೆ, ಮಾರಿಕಣಿವೆ ಡ್ಯಾಮಿಗೆ ಹತ್ತಿರದ ಹಳ್ಳಿ. 2022ರ ಜುಲೈ ಕೊನೆಯಲ್ಲಿ ನನ್ನ ಮಗ ಹೋದ. 19 ವರ್ಷ. ಡಿಪ್ಲೊಮಾ ಕೊನೆ ವರ್ಷ. ಪಂಚಮಿಗೆ ಉಂಡೆ ಕಟ್ಟಲು ಅಮ್ಮ ಶೇಂಗಾ ತೆಗೆದಿಟ್ಟಿದ್ದಳು. ಹೋಗಿ ತಗೊಂಡು ಬಾ ಅಂತ ನಾನೇ ಕಳಿಸಿದ್ದು. ವಾಪಸ್ ಬರುವಾಗ ಹೈವೇಯಲ್ಲಿ ಲಾರಿ. ಅದರ ಬಗ್ಗೆ ಇಷ್ಟು ಸಾಕು. ಶೇಂಗಾ ಚೀಲ ಮಾತ್ರ ಹಾಗೇ ಮನೆಗೆ ಬಂತು. ಒಂದು ಕಾಳೂ ಚೆಲ್ಲಿರಲಿಲ್ಲ.

ಅವತ್ತೇ ಅತ್ತೆ ದೇವರ ಮನೆ ಬಾಗಿಲು ಹಾಕಿದರು. ಸೂತಕ ಅಲ್ವಾ. ಹನ್ನೊಂದು ದಿನ ದೀಪ ಇಲ್ಲ, ಗಂಟೆ ಇಲ್ಲ. ನಮ್ಮ ಕಡೆ ಇದೇ ಪದ್ಧತಿ. ಮಾವ ತೀರಿಕೊಂಡಾಗ ನಾನೇ ಹಾಕಿದ್ದೆ, ಆಗ ಏನೂ ಅನಿಸಿರಲಿಲ್ಲ. ಈ ಸಲ ಚಿಲಕ ಬಿದ್ದ ಸದ್ದು ಕೇಳಿಸಿತು.

ಆ ಹನ್ನೊಂದು ದಿನ ಬಂದವರದ್ದೆಲ್ಲ ಒಂದೇ ಮಾತು. "ದೇವರಿದ್ದಾನೆ, ಧೈರ್ಯ ತಗೋ." "ನೊಂದವರ ಪಕ್ಕದಲ್ಲೇ ದೇವರು ಇರ್ತಾನಮ್ಮ." ನಾನು ಚಾಪೆ ಮೇಲೆ ಕೂತು ಆ ಬಾಗಿಲನ್ನೇ ನೋಡುತ್ತಿದ್ದೆ. ಪಕ್ಕದಲ್ಲಿ ಎಲ್ಲಿದ್ದಾನೆ? ಚಿಲಕದ ಹಿಂದೆ ಇದ್ದಾನೆ. ಬೇಕಾದ ದಿನವೇ ನನ್ನನ್ನು ಮುಟ್ಟಬಾರದವಳನ್ನಾಗಿ ಮಾಡಿ ಆಚೆ ಕೂರಿಸಿದ್ದರು. ಸುಖದಲ್ಲಿದ್ದಾಗ ದಿನಾ ಒಳಗೆ ಹೋಗಬಹುದು, ಮಗ ಸತ್ತಾಗ ಹೋಗಬಾರದು. ಇದು ಯಾವ ಲೆಕ್ಕ ಅಂತ ಅತ್ತೆಯನ್ನು ಕೇಳಿದೆ. ಅವರೂ ಮೊಮ್ಮಗನನ್ನು ಕಳೆದುಕೊಂಡವರು, ಪಾಪ. "ಹಿರಿಯರು ಮಾಡಿದ್ದು ಕಣೇ" ಅಂತ ಸೆರಗು ಬಾಯಿಗೆ ಇಟ್ಟುಕೊಂಡರು. ನಾನು ಮತ್ತೆ ಕೇಳಲಿಲ್ಲ.

ಸೂತಕ ಕಳೀತು. ಮನೆ ತೊಳೆದರು. "ಹೋಗು, ಬಾಗಿಲು ತೆಗೆದು ದೀಪ ಹಚ್ಚು" ಅಂದರು. ನನಗೆ ಆಗಲಿಲ್ಲ. ಈಗ ಮೂರು ವರ್ಷ ದಾಟಿತು. ಅತ್ತೆ ಮೈದುನನ ಮನೆಗೆ ಹೋದರು. ನಮ್ಮ ಯಜಮಾನ್ರು ಅಡುಗೆಮನೆ ಹತ್ತಿರ ನಾಯಕನಹಟ್ಟಿ ತಿಪ್ಪೇಸ್ವಾಮಿ ಕ್ಯಾಲೆಂಡರ್ ನೇತುಹಾಕಿಕೊಂಡು ಅದಕ್ಕೇ ಊದುಬತ್ತಿ ಸಿಗಿಸುತ್ತಾರೆ. ದೇವರ ಮನೆ ಬಾಗಿಲು ಅವರೂ ತೆಗೆದಿಲ್ಲ, ಯಾಕೆ ಅಂತ ನನ್ನನ್ನು ಕೇಳಿಯೂ ಇಲ್ಲ. ಕ್ಯಾಲೆಂಡರ್ ಮೇಲೆ ದಪ್ಪ ಅಕ್ಷರದಲ್ಲಿ "ಮಾಡಿದವರಿಗೆ ಮಾಡಿದಷ್ಟು ನೀಡು ಭಿಕ್ಷೆ" ಅಂತ ಇದೆ. ಬೆಳಿಗ್ಗೆ ಹಾಲು ಕಾಯಿಸುವಾಗ ದಿನಾ ಕಣ್ಣಿಗೆ ಬೀಳುತ್ತದೆ. ಮಾಡಿದಷ್ಟು ಅಂದರೆ ನಾನು ಏನು ಮಾಡಿದ್ದೆ?

ಇನ್ನೊಂದು ಹೇಳಬೇಕು. ಅವನು ಹೋಗಿ ತಿಂಗಳು ಚಿಲ್ಲರೆ ಆಗಿತ್ತು. ಗಣೇಶನ ಹಬ್ಬ ಮುಗಿದು ಒಂದೆರಡು ದಿನಕ್ಕೆ ಮಾರಿಕಣಿವೆ ಕೋಡಿ ಬಿತ್ತು. 1933ರಲ್ಲಿ ಒಮ್ಮೆ ಬಿದ್ದಿದ್ದು, ಆಮೇಲೆ 89 ವರ್ಷಕ್ಕೆ ಆವಾಗಲೇ. ಊರಿಗೆ ಊರೇ ಎದ್ದು ಹೊರಟಿತು. ಬೈಕು, ಟೆಂಪೊ, ಟ್ರ್ಯಾಕ್ಟರ್. "ಮನಸ್ಸು ಹಗುರ ಆಗುತ್ತೆ" ಅಂತ ಮೈದುನನ ಮನೆಯವರು ನನ್ನನ್ನೂ ಕರ್ಕೊಂಡು ಹೋದರು. ಎರಡು ಗುಡ್ಡದ ನಡುವಿನ ಕಟ್ಟೆ ಅದು, ಚಿಕ್ಕಂದಿನಿಂದ ನೋಡಿದ್ದೇನೆ. ಅಷ್ಟು ನೀರು ಯಾವತ್ತೂ ನೋಡಿರಲಿಲ್ಲ. ಜನ ಬಾಗಿನ ಬಿಡುತ್ತಿದ್ದರು. ಒಬ್ಬ ಅಜ್ಜಿ ಕೈ ಮುಗಿದುಕೊಂಡು ಅಳುತ್ತಿದ್ದಳು. "ತಾಯಿ ಮಾರಮ್ಮ ಕಣ್ಣು ಬಿಟ್ಟಳು, ಕರುಣೆ ತೋರಿಸಿದಳು" ಅಂತ. ಕಣಿವೆ ಮಾರಮ್ಮ ನಮ್ಮ ತವರಿನ ದೇವರು. ಚಿಲಕದ ಹಿಂದೆ ಇರುವ ಫೋಟೊ ಕೂಡ ಅವಳದ್ದೇ, ಅಮ್ಮ ಕೊಟ್ಟಿದ್ದು. ವರ್ಷ ಆಗಿಲ್ಲ ಅಂತ ನನ್ನನ್ನು ಗುಡಿ ಒಳಗೆ ಬಿಡಲಿಲ್ಲ. ಹೊರಗೆ ಚಪ್ಪಲಿಗಳ ಪಕ್ಕ ನಿಂತು ಅಂದುಕೊಂಡೆ, ಇಡೀ ತಾಲ್ಲೂಕಿಗೆ ಕಣ್ಣು ಬಿಟ್ಟವಳು ಒಂದು ತಿಂಗಳ ಹಿಂದೆ ಹೈವೇ ಕಡೆ ಯಾಕೆ ನೋಡಲಿಲ್ಲ? ತಾಯಿ ಅಂತ ಕರೀತೀವಿ. ತಾಯಿ ಸಂಕಟ ತಾಯಿಗೆ ಗೊತ್ತಾಗಬೇಕಲ್ವಾ?

ಇಷ್ಟೇ ನನ್ನ ಪ್ರಶ್ನೆ. ನೊಂದವರ ಹತ್ತಿರ ದೇವರ ಕರುಣೆ ಬರುತ್ತದೆ ಅನ್ನುವುದು ನಿಮ್ಮಲ್ಲಿ ಯಾರಿಗಾದರೂ ನಿಜವಾಗಿ ಗೊತ್ತಾಗಿದೆಯಾ? ಕೇಳಿದ್ದು, ಓದಿದ್ದು ಬೇಡ. ಪೂಜೆ, ಹರಕೆ ಹೇಳಬೇಡಿ, ಹೇಳುವವರು ಬೇಕಾದಷ್ಟು ಜನ ಇದ್ದಾರೆ.

ಹಾಂ, ಒಂದು ಬಿಟ್ಟೆ. ಗೌರಿ ಹಬ್ಬಕ್ಕೆ ಅಂತ 23 ಬ್ಲೌಸ್ ಮೊದಲೇ ಒಪ್ಪಿಕೊಂಡಿದ್ದೆ. ಹೆಚ್ಚಿನವು ಕತ್ತರಿಸಿ ಹೊಲಿದಾಗಿತ್ತು, ಕೈಕೆಲಸ ಬಾಕಿ. ಬಟ್ಟೆ ಕೊಟ್ಟವರಿಗೂ ಬಂದು ಕೇಳುವುದು ಹೇಗೆ ಅಂತ ಸಂಕೋಚ. ಹಿಂದಿನ ಬೀದಿಯ ಆಪಾ ನನಗೆ ಕಾಜಾ, ಹುಕ್ಕು, ಹೆಮ್ಮಿಂಗ್ ಮಾಡಿಕೊಡುತ್ತಾರೆ. ನಾಲ್ಕನೇ ದಿನ ಬಂದರು. ಯಾರನ್ನೂ ಕೇಳಲಿಲ್ಲ. ಗಂಟು ಬಿಚ್ಚಿ, ಗೋಡೆಗೆ ಒರಗಿ ಕೂತು ಸೂಜಿಗೆ ದಾರ ಪೋಣಿಸಿದರು. ದಿನಾ ಬಂದರು. ಧೈರ್ಯ ತಗೋ ಅನ್ನಲಿಲ್ಲ, ದೇವರ ಹೆಸರೂ ಎತ್ತಲಿಲ್ಲ. ಒಂದು ದಿನ ಮಾತ್ರ ದಾರ ಕಚ್ಚಿ ತುಂಡು ಮಾಡುತ್ತಾ, "ನಿನ್ನ ಮಗ ಬಂದಾಗೆಲ್ಲ ನನ್ನ ಡಬ್ಬಿಯ ಹುಣಸೆಹಣ್ಣು ಕದೀತಿದ್ದ, ಗೊತ್ತಾ?" ಅಂದರು. ಬೇರೆ ಯಾರೂ ಅವನ ಮಾತೇ ಎತ್ತುತ್ತಿರಲಿಲ್ಲ, ನಾನು ಅಳ್ತೀನಿ ಅಂತ. ನಾನು ಅತ್ತೆ. ಆಪಾ ಹೊಲಿಯುತ್ತಲೇ ಇದ್ದರು. ಆ ಹನ್ನೊಂದು ದಿನದಲ್ಲಿ ಮನಸ್ಸಿಗೆ ಹಿಡಿಸಿದ್ದು ಅದೊಂದೇ.

ಉತ್ತರ: ಸನ್ಮಾರ್ಗ

ಅಮ್ಮಾ, ನಿಮ್ಮ ಪ್ರಶ್ನೆಗೆ ಉತ್ತರ ನಿಮ್ಮ ಬರಹದಲ್ಲೇ ಇದೆ. ಆ ಆಪಾ ರೂಪದಲ್ಲಿ ಬಂದದ್ದೇ ದೇವರು! ಗುರುತಿಸಲಿಲ್ಲ ಅಷ್ಟೇ. ಉಳಿದಂತೆ ಋಣಾನುಬಂಧ. ಎಷ್ಟು ದಿನ ಇರಬೇಕು ಅಂತ ಬರೆದಿತ್ತೋ ಅಷ್ಟು ದಿನ ಇದ್ದ. ಮಾಡಿದವರಿಗೆ ಮಾಡಿದಷ್ಟು ಅನ್ನುವುದೂ ಅದೇ. ಹಿಂದಿನ ಜನ್ಮದ್ದು ನಮಗೆ ಗೊತ್ತಾಗುವುದಿಲ್ಲ. ದೀಪ ಹಚ್ಚಿ, ಎಲ್ಲಾ ಸರಿ ಹೋಗುತ್ತದೆ.

ಉತ್ತರ: ದುರ್ಗದ ಟೈಲರ್

ಅಣ್ಣಾ, ಬೇಜಾರು ಮಾಡಿಕೊಳ್ಳಬೇಡಿ. ಆಪಾ ದೇವರಲ್ಲ. ಆಪಾಗೆ ಸಕ್ಕರೆ ಕಾಯಿಲೆ ಇದೆ, ಮುಂಗೋಪ ಜಾಸ್ತಿ. ಹೆಮ್ಮಿಂಗ್ ರೇಟು ಏರಿಸು ಅಂತ ಹೋದ ತಿಂಗಳು ನನ್ನ ಜೊತೆ ಜಗಳ ಆಡಿ ಎರಡು ದಿನ ಮಾತು ಬಿಟ್ಟಿದ್ದರು. ಮನೆಯಲ್ಲಿ ಮೂರು ಜನಕ್ಕೆ ಬೇಯಿಸಿಟ್ಟು, ಕಾಲು ಊದಿದ್ದರೂ ನಡೆದು ಬಂದು ಕೂತಿದ್ದು ಆ ಹೆಂಗಸು. ಅವರು ಮಾಡಿದ್ದನ್ನು ಅವರ ಲೆಕ್ಕಕ್ಕೇ ಬರೆಯಿರಿ. ದೇವರ ಲೆಕ್ಕಕ್ಕೆ ಹಾಕಿದರೆ ಆಪಾಗೆ ಏನು ಉಳೀತು? ದೇವರು ಏನು ಮಾಡಿದ ಅಂತ ನಾನು ಬೇರೆಯಾಗಿ ಕೇಳುತ್ತಿದ್ದೇನೆ.

ಉತ್ತರ: ಲೆಕ್ಕದ ಮೇಷ್ಟ್ರು, ದಾವಣಗೆರೆ

ತಂಗೀ, ಮೊದಲು ಆ ಕ್ಯಾಲೆಂಡರ್ ವಿಷಯ ಮುಗಿಸಿಬಿಡೋಣ. ತಿಪ್ಪೇಸ್ವಾಮಿ ನಿಮ್ಮ ಸೀಮೆಯಲ್ಲಿ ಕೆರೆ ಕಟ್ಟಿಸಿದವರು ಅಂತ ಪ್ರತೀತಿ. ಬರದ ನೆಲ, ಕೆರೆಯೇ ಜೀವ. ಮಾಡಿದಷ್ಟು ನೀಡು ಅನ್ನುವುದು ಮಣ್ಣು ಹೊತ್ತವನ ಕೂಲಿ ಮಾತು ಅಂತ ನಮ್ಮ ಹಿರಿಯರು ಹೇಳುತ್ತಿದ್ದರು. ದುಡಿದವನಿಗೆ ದುಡಿದಷ್ಟು ಕೊಡು, ಮೋಸ ಮಾಡಬೇಡ. ಅದನ್ನು ಹಿಂದಿನ ಜನ್ಮಕ್ಕೆ, ಅದರಲ್ಲೂ 19 ವರ್ಷದ ಹುಡುಗನ ಸಾವಿಗೆ ಎಳೆದು ತರುವುದು ತಪ್ಪು. ನಾನು 34 ವರ್ಷ ಲೆಕ್ಕ ಹೇಳಿಕೊಟ್ಟವನು. ಈ ಲೆಕ್ಕ ಕೂಡುವುದಿಲ್ಲ.

ಇನ್ನು ಸೂತಕ. ನಾವು ಲಿಂಗಾಯತರು. ಶರಣರು ಐದು ಸೂತಕ ಒಪ್ಪಲಿಲ್ಲ. ಹುಟ್ಟು, ಸಾವು, ಮುಟ್ಟು, ಎಂಜಲು, ಜಾತಿ. ಅದಕ್ಕೆ ಕಾರಣ ಬಹಳ ಸರಳ. ಲಿಂಗ ಇರುವುದು ಕೋಣೆಯಲ್ಲಲ್ಲ, ಮೈಮೇಲೆ. ಹುಟ್ಟಿದ ಮಗುವಿಗೂ ಕಟ್ಟುತ್ತೇವೆ. ಸಾವಾದ ಮನೆಯಲ್ಲಿ ಅದನ್ನು ಬಿಚ್ಚಿ ಎಲ್ಲಿಡುತ್ತೀರಿ? ಚಿಲಕ ಹಾಕಲು ಬಾಗಿಲೇ ಇಲ್ಲ. ಹಾಗಂತ ನಮ್ಮವರೆಲ್ಲ ಇದನ್ನು ಪಾಲಿಸುತ್ತಾರೆ ಅಂತ ಅಂದುಕೊಳ್ಳಬೇಡಿ. ನಮ್ಮ ಮನೆಗಳಿಗೂ ಸೂತಕ ಹಿಂಬಾಗಿಲಿನಿಂದ ಬಂದು ಕೂತಿದೆ. ಮೈಲಿಗೆ ಅಂತ ಬಟ್ಟೆ ಒಗೆಯುವುದರಲ್ಲಿ ನಮ್ಮಕ್ಕ ಯಾರಿಗೂ ಕಡಿಮೆ ಇಲ್ಲ.

ಪೂಜೆ ಹೇಳಬೇಡಿ ಅಂದಿದ್ದೀರಿ. ಇದು ಪೂಜೆಯಲ್ಲ, ಆಗಿದ್ದು.

ನನ್ನ ಮನೆಯವಳು 2019ರಲ್ಲಿ ಹೋದಳು. ನಮ್ಮಲ್ಲಿ ಕೂರಿಸಿ ಮಣ್ಣು ಮಾಡುತ್ತಾರೆ. ಎಡ ಅಂಗೈಯಲ್ಲಿ ಅವರವರ ಲಿಂಗ ಇಡಬೇಕು. ಅವಳ ಬೆರಳು ನಾನೇ ಬಿಡಿಸಿ ಇಟ್ಟೆ. ಮೇಲೆ ನಿಂತಿದ್ದ ಯಾರೋ "ಮರಣವೇ ಮಹಾನವಮಿ, ಅಳಬಾರದು ಮೇಷ್ಟ್ರೇ" ಅಂದರು. ದೊಡ್ಡ ಮಾತು. ತಾನು ಸಾಯುವಾಗ ತನಗೆ ಹೇಳಿಕೊಳ್ಳಬೇಕಾದ ಮಾತು ಅದು. ಗುಂಡಿಯಲ್ಲಿ ನಿಂತಿರುವ ಗಂಡನಿಗೆ ಹೇಳುವುದಲ್ಲ. ಅವತ್ತು ಕೈಗೆ ಸಿಕ್ಕಿದ್ದರೆ ಅವನಿಗೆ ಒಂದು ಬಿಟ್ಟಿರುತ್ತಿದ್ದೆ.

ಆಮೇಲೆ ಮೂರು ವಾರ ನಾನೂ ಲಿಂಗ ಕೈಗೆ ತೆಗೆದುಕೊಳ್ಳಲಿಲ್ಲ. ಕೊರಳಲ್ಲಿ ಇತ್ತು ಅಷ್ಟೇ. ಒಂದು ಬೆಳಿಗ್ಗೆ ಅಭ್ಯಾಸಬಲದಿಂದ ಬಿಚ್ಚಿ ಅಂಗೈ ಮೇಲೆ ಇಟ್ಟುಕೊಂಡೆ. ಮಂತ್ರ ಬರಲಿಲ್ಲ. ಅಳು ಬಂತು. ತಲೆ ಬಗ್ಗಿಸಿ ಕೂತಿದ್ದೆನಲ್ಲ, ಮೂಗು ಸೋರಿ ನೇರ ಲಿಂಗದ ಮೇಲೆ ಬಿತ್ತು. ಗಾಬರಿಯಾಗಿ ಶಲ್ಯದಿಂದ ಒರೆಸಿದೆ. ಮತ್ತೆ ಬಿತ್ತು. ಕೊನೆಗೆ ನಗು ಬಂತು. ಅವಳಿದ್ದಿದ್ದರೆ "ಏನ್ರೀ ನಿಮ್ಮ ಅವತಾರ" ಅನ್ನುತ್ತಿದ್ದಳು. ಇಪ್ಪತ್ತು ನಿಮಿಷ ಹಾಗೇ ಕೂತಿದ್ದೆ. ಯಾವ ದನಿಯೂ ಕೇಳಲಿಲ್ಲ, ಬೆಳಕೂ ಕಾಣಲಿಲ್ಲ. ಆದರೆ ಇಷ್ಟು ಗೊತ್ತಾಯಿತು: ಇದು ಎದ್ದು ಹೋಗುತ್ತಿಲ್ಲ. ಅಳಬೇಡ ಅನ್ನುತ್ತಿಲ್ಲ. ಬಂದವರೆಲ್ಲ ಅರ್ಧ ಗಂಟೆಗೆ ಗಡಿಯಾರ ನೋಡಿಕೊಂಡಿದ್ದರು.

ಅವಳ ಕೈಯಲ್ಲಿ ಒಂದು ಇದೆ, ಮಣ್ಣಿನೊಳಗೆ. ನನ್ನ ಕೈಯಲ್ಲಿ ಒಂದು ಇದೆ. ನನಗೆ ಗೊತ್ತಾಗಿದ್ದು ಅಷ್ಟೇ, ತಂಗೀ. ಇದಕ್ಕಿಂತ ಜಾಸ್ತಿ ಹೇಳಿದರೆ ಸುಳ್ಳಾಗುತ್ತದೆ. ಕಲ್ಲು ಎದ್ದು ಹೋಗುವುದು ಎಲ್ಲಾದರೂ ಉಂಟಾ ಅಂತ ನೀವು ನಗಬಹುದು. ನನ್ನ ಮಗನೂ ನಕ್ಕ.

ಉತ್ತರ: ತೆಂಗಿನ ತೋಟ, ಹೊಸದುರ್ಗ

ಅಕ್ಕಾ, ನಾನು ದೇವರ ವಿಷಯದಲ್ಲಿ ಅಷ್ಟಕ್ಕಷ್ಟೇ. ಆದರೆ ಕೋಡಿ ವಿಷಯಕ್ಕೆ ಒಂದು ಮಾತು ಹೇಳಲೇಬೇಕು.

ನೀವು ಕಟ್ಟೆಯ ಆ ಕಡೆ, ನಾವು ಈ ಕಡೆ, ಹಿನ್ನೀರಿನವರು. ಹಿರಿಯೂರಿನವರು ಬಾಗಿನ ಬಿಡುತ್ತಿದ್ದಾಗ ನಮ್ಮ ತೋಟದಲ್ಲಿ ಸೊಂಟದುದ್ದ ನೀರು. ನಮ್ಮಪ್ಪ ಇಟ್ಟ ತೆಂಗು. ತಿಂಗಳುಗಟ್ಟಲೆ ನಿಂತ ನೀರಿಗೆ ಸುಳಿ ಕೊಳೆತು ಒಂದೊಂದೇ ಹೋದವು. ನಿಮ್ಮ ಅಜ್ಜಿ ಕರುಣೆ ಅಂದಳಲ್ಲ, ಅದೇ ನೀರಿಗೆ ನಮ್ಮ ಅಜ್ಜಿ ಮಾರಿ ಮುನಿಸು ಅಂದಳು. ಒಂದೇ ನೀರು, ಒಂದೇ ಮಾರಮ್ಮ. ಯಾರ ಮಾತು ನಂಬುವುದು? ಆ ವರ್ಷ ಚಿಕ್ಕಮಗಳೂರು ಕಡೆ ಮಳೆ ಜೋರಾಗಿತ್ತು, ವೇದಾವತಿ ತುಂಬಿ ಬಂತು. ಅದಕ್ಕೂ ಮುಂಚೆಯೇ ಭದ್ರಾದಿಂದ ನೀರು ಹರಿಸಿದ್ದರು. ಕಟ್ಟೆ 130 ಅಡಿ ದಾಟಿತು, ಕೋಡಿ ಬಿತ್ತು. 2025ರ ಜನವರಿಯಲ್ಲಿ ಮತ್ತೆ ಬಿತ್ತು. ಯಾರ ಮನೆಯಲ್ಲಿ ಏನಾಗಿದೆ ಅಂತ ನೋಡಿಕೊಂಡು ನೀರು ಬರುವುದಿಲ್ಲ. ಬಂದಿದ್ದಕ್ಕೆ ಪುಣ್ಯ ಕಾರಣ ಅಲ್ಲ ಅಂದಮೇಲೆ, ಲಾರಿ ಬಂದಿದ್ದಕ್ಕೂ ಪಾಪ ಕಾರಣ ಅಲ್ಲ. ಅಕ್ಕಾ, ಶೇಂಗಾ ತರಲು ಕಳಿಸಿದ್ದೂ ಕಾರಣ ಅಲ್ಲ. ನೀವು ಅದನ್ನು ಒಂದು ಸಾಲಿನಲ್ಲಿ ಬರೆದು ಮುಂದೆ ಹೋದಿರಿ. ನನಗೆ ಅಲ್ಲೇ ನಿಲ್ಲಬೇಕು ಅನಿಸಿತು. ಮಗನನ್ನು ಅಜ್ಜಿ ಮನೆಗೆ ಕಳಿಸದ ತಾಯಿ ಯಾರಿದ್ದಾರೆ?

ಇನ್ನೊಂದು ವಿಷಯ. ಸಮಾಧಾನಕ್ಕೆ ಅಂತಲ್ಲ, ಸುಮ್ನೆ ಹೇಳುತ್ತೇನೆ. ಆ ಕಟ್ಟೆಗೆ ವಾಣಿವಿಲಾಸ ಅಂತ ಹೆಸರು ಬಂದಿದ್ದು ಮೈಸೂರಿನ ಮಹಾರಾಣಿ ಕೆಂಪನಂಜಮ್ಮಣ್ಣಿಯವರಿಂದ. 1894ರ ಡಿಸೆಂಬರಿನಲ್ಲಿ ಅವರ ಗಂಡ ಚಾಮರಾಜೇಂದ್ರ ಒಡೆಯರು ಕಲ್ಕತ್ತಾಗೆ ಹೋದವರು ಅಲ್ಲೇ ತೀರಿಕೊಂಡರು. ರಾಣಿಗೆ ಆಗ 28. ದೊಡ್ಡ ಮಗನಿಗೆ ಹತ್ತು ವರ್ಷ. ಮಗ ದೊಡ್ಡವನಾಗುವ ತನಕ, 1902ರವರೆಗೆ, ರಾಜ್ಯ ನೋಡಿಕೊಂಡಿದ್ದು ಅವರೇ. ಕಟ್ಟೆ ಕೆಲಸ 1898ರಲ್ಲಿ ಶುರುವಾಗಿದ್ದು ಅವರ ಕಾಲದಲ್ಲೇ, ಮುಗಿದಿದ್ದು 1907ಕ್ಕೆ. ನೀವು ಚಪ್ಪಲಿಗಳ ಪಕ್ಕ ನಿಂತಿದ್ದಿರಲ್ಲ, ಎದುರಿಗೆ ಇದ್ದ ಅಷ್ಟೂ ನೀರು ನಿಂತಿರುವುದು ಗಂಡ ಸತ್ತ ಒಬ್ಬ ಹೆಂಗಸಿನ ಕಾಲದ ಕಲ್ಲಿಗೆ ಒರಗಿ. ಅಂಥವರನ್ನೂ ಆ ಕಾಲದಲ್ಲಿ ಎಷ್ಟು ಶುಭಕಾರ್ಯದಿಂದ ಆಚೆ ಇಟ್ಟಿದ್ದರೋ. ನಮ್ಮ ತೋಟ ಮುಳುಗಿಸಿದ್ದಕ್ಕೆ ನನಗೆ ಆ ಕಟ್ಟೆ ಮೇಲೆ ಸಿಟ್ಟಿದೆ. ಆದರೂ ಈ ಕಥೆ ನೆನಪಾದಾಗ ಸಿಟ್ಟು ಸ್ವಲ್ಪ ಇಳಿಯುತ್ತದೆ.

ಉತ್ತರ: ನೈಟ್ ಡ್ಯೂಟಿ

ಅಕ್ಕ, ನಾನು ದಾವಣಗೆರೆಯಲ್ಲಿ ನರ್ಸ್. ಊರು ಹರಿಹರ, ಆರೋಗ್ಯ ಮಾತೆ ಚರ್ಚಿನ ಹತ್ತಿರ. ಸೆಪ್ಟೆಂಬರ್ 8ರ ಹಬ್ಬಕ್ಕೆ ಎಲ್ಲಾ ಜಾತಿಯವರೂ ಬಂದು ಮೇಣದ ಬತ್ತಿ ಹಚ್ಚಿ ಹೋಗುತ್ತಾರೆ. ಅವರಲ್ಲಿ ಅಳುತ್ತಾ ಬರುವ ತಾಯಂದಿರೇ ಜಾಸ್ತಿ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ಒಂದು ಮಾತು ಹೇಳುತ್ತಿದ್ದೆ. "ದೇವರಿಗೆ ಇಷ್ಟವಾದವರನ್ನ ಬೇಗ ಕರ್ಕೊಳ್ತಾನೆ" ಅಂತ. ಒಂದು ರಾತ್ರಿ ಮಗಳನ್ನು ಕಳೆದುಕೊಂಡ ಒಬ್ಬ ಅಪ್ಪನಿಗೆ ಹೇಳಿದೆ. ಹಮಾಲಿ ಕೆಲಸದವನು, ಹೆಗಲ ಮೇಲೆ ಟವೆಲ್. ನನ್ನ ಮುಖ ನೋಡಿ, "ಹಾಗಾದ್ರೆ ನಿಮ್ಮ ದೇವರಿಗೆ ಇಷ್ಟ ಆಗದ ಹಾಗೆ ಬೆಳೆಸಬೇಕಿತ್ತಾ ಸಿಸ್ಟರ್?" ಅಂದ. ಅವತ್ತಿಂದ ಆ ಮಾತು ಬಿಟ್ಟೆ. ಈಗ ಸ್ಟೂಲ್ ಹಾಕಿಕೊಂಡು ಪಕ್ಕ ಕೂರುತ್ತೇನೆ, ಬೇರೆ ಬೆಡ್ಡಿನವರು ಕರೆಯುವ ತನಕ. ನಿಮ್ಮ ಆಪಾ ನನಗಿಂತ ಬುದ್ಧಿವಂತೆ, ಯಾರೂ ಹೇಳಿಕೊಡದೆ ಗೊತ್ತಿತ್ತು.

ಓದಿದ್ದು ಬೇಡ ಅಂದಿದ್ದೀರಿ. ಕ್ಷಮಿಸಿ, ನಾನು ಓದಿದ್ದನ್ನೇ ಹೇಳಬೇಕು, ನನ್ನನ್ನು ಹಿಡಿದು ನಿಲ್ಲಿಸಿರುವುದು ಅದೇ. ಬೈಬಲಿನಲ್ಲಿ ಯೋಹಾನ ಬರೆದ ಸುವಾರ್ತೆಯ 11ನೇ ಅಧ್ಯಾಯ. ಬೇಥಾನ್ಯ ಅನ್ನುವ ಊರಲ್ಲಿ ಮಾರ್ಥ, ಮರಿಯ ಅಂತ ಅಕ್ಕ ತಂಗಿ. ಅವರ ತಮ್ಮ ಲಾಜರನಿಗೆ ಕಾಯಿಲೆ. ಬೇಕಾದವನು ಅಂತ ಯೇಸುವಿಗೆ ಹೇಳಿ ಕಳಿಸುತ್ತಾರೆ. ಆತ ತಕ್ಷಣ ಹೊರಡುವುದಿಲ್ಲ. ಇದ್ದ ಕಡೆಯೇ ಇನ್ನೂ ಎರಡು ದಿನ ಇರುತ್ತಾನೆ. ಬರುವಷ್ಟರಲ್ಲಿ ಲಾಜರನನ್ನು ಗವಿಯಲ್ಲಿಟ್ಟು ನಾಲ್ಕು ದಿನ ಆಗಿರುತ್ತದೆ.

ಮಾರ್ಥ ಊರ ಹೊರಗೇ ಹೋಗಿ ಎದುರು ನಿಲ್ಲುತ್ತಾಳೆ. ನೀನು ಇಲ್ಲಿ ಇದ್ದಿದ್ದರೆ ನನ್ನ ತಮ್ಮ ಸಾಯುತ್ತಿರಲಿಲ್ಲ ಅನ್ನುತ್ತಾಳೆ. ಆಮೇಲೆ ಮರಿಯ ಬಂದು ಕಾಲ ಹತ್ತಿರ ಬಿದ್ದು ಅದೇ ಮಾತು ಅನ್ನುತ್ತಾಳೆ. ಇಬ್ಬರೂ ನಾಲ್ಕು ದಿನ ಮನೆಯಲ್ಲಿ ಅದನ್ನೇ ಆಡಿಕೊಂಡಿರಬೇಕು, ಅದಕ್ಕೇ ಒಂದೇ ಮಾತು ಅಂತ ನನ್ನ ಅನಿಸಿಕೆ. ನೀವು ಮಾರಮ್ಮನ ಗುಡಿ ಹೊರಗೆ ಕೇಳಿದ್ದೂ ಇದೇ ಅಲ್ವಾ, ಅಕ್ಕ? ಆತ ಮರಿಯಳಿಗೆ ವಿವರಣೆ ಕೊಡುವುದಿಲ್ಲ. ಹಾಗೆ ಮಾತಾಡಬಾರದು ಅನ್ನುವುದಿಲ್ಲ. ಎಲ್ಲಿ ಇಟ್ಟಿದ್ದೀರಿ ಅಂತ ಕೇಳುತ್ತಾನೆ. ಬಂದು ನೋಡು ಅಂದಾಗ ಅಳುತ್ತಾನೆ.

ಸ್ವಲ್ಪ ಹೊತ್ತಿಗೆ ಅವನೇ ಲಾಜರನನ್ನು ಎಬ್ಬಿಸುತ್ತಾನೆ. ಎಬ್ಬಿಸುವುದು ಗೊತ್ತಿದ್ದವನು ಯಾಕೆ ಅಳಬೇಕಿತ್ತು? ನಾನು ಫಾದರ್‌ ಹತ್ತಿರ ಕೇಳಿದ್ದೇನೆ. ಅವರು ಏನೋ ಹೇಳಿದರು, ನನಗೆ ಪೂರ್ತಿ ಹಿಡಿಸಲಿಲ್ಲ. ನಮ್ಮ ವಾರ್ಡಿನಲ್ಲಿ ಯಾರೂ ಎದ್ದಿಲ್ಲ. ನಿಮ್ಮ ಮನೆಯಲ್ಲೂ ಎದ್ದಿಲ್ಲ. ನಮ್ಮ ಪಾಲಿಗೆ ಬಂದಿದ್ದು ಆ ಅಧ್ಯಾಯದ ಅಳುವ ಭಾಗ ಮಾತ್ರ. ರಾತ್ರಿ ಮೂರು ಗಂಟೆಗೆ ನನಗೆ ಅದೇ ಸಾಕಾಗುತ್ತದೆ, ಯಾಕೆ ಅಂತ ಹೇಳಲು ಬರುವುದಿಲ್ಲ. ತಡವಾಗಿ ಬಂದ. ಬೈಸಿಕೊಂಡ. ಹೋಗಲಿಲ್ಲ.

ಉತ್ತರ: ಸನ್ಮಾರ್ಗ

ಟೈಲರ್ ಅಮ್ಮನವರೇ, ನನ್ನ ಮಾತು ಹಗುರವಾಯಿತು ಅನಿಸುತ್ತದೆ. ಮನಸ್ಸು ನೋಯಿಸುವ ಉದ್ದೇಶ ಇರಲಿಲ್ಲ. ನಮ್ಮ ತಾಯಿ ಹೋದಾಗ ನನಗೆ ಎಲ್ಲರೂ ಅದನ್ನೇ ಹೇಳಿದ್ದರು, ಬಾಯಿಗೆ ಅದೇ ಬಂತು.

ಉತ್ತರ: ದುರ್ಗದ ಟೈಲರ್

ಎರಡು ವಾರ ಆಯಿತು, ಉತ್ತರ ಬರೆದಿರಲಿಲ್ಲ. ಯೂನಿಫಾರ್ಮ್ ಕೆಲಸ ಇತ್ತು. ಸನ್ಮಾರ್ಗ ಅಣ್ಣಾ, ಪರವಾಗಿಲ್ಲ, ಬಿಡಿ.

ಹೊಸದುರ್ಗದ ತಮ್ಮಾ, ನೀನು ಬರೆದ ಶೇಂಗಾ ಸಾಲನ್ನು ಯಜಮಾನ್ರಿಗೆ ಓದಿ ಹೇಳಿದೆ. ಅವರು ಎದ್ದು ಹಿತ್ತಲಿಗೆ ಹೋದರು. ಆಮೇಲೆ ಬಂದು, "ಪೆಟ್ರೋಲಿಗೆ ದುಡ್ಡು ಕೊಟ್ಟಿದ್ದು ನಾನು" ಅಂದರು. ಮೂರು ವರ್ಷದಲ್ಲಿ ಮೊದಲ ಸಲ ಆ ಮಾತು ಬಂದಿದ್ದು. ಒಂದೇ ಮನೆಯಲ್ಲಿ ಇಬ್ಬರೂ ಅದನ್ನೇ ಹೊತ್ತುಕೊಂಡು ತಿರುಗುತ್ತಿದ್ದೆವು.

ಮೇಷ್ಟ್ರೇ, ನೀವು ಮೂಗಿನ ವಿಷಯ ಬರೆದಿದ್ದು ಓದಿ ನಕ್ಕೆ. ತಪ್ಪು ತಿಳಿಯಬೇಡಿ.

ಸಿಸ್ಟರ್, ನಿಮ್ಮ ಕಥೆಯ ಆ ಅಕ್ಕ ತಂಗಿ ತಲೆಯಲ್ಲೇ ಉಳಿದರು. ಒಂದು ವಿಷಯ ಹೊಳೆಯಿತು. ಬೈಯಬೇಕು ಅಂದರೂ ಎದುರಿಗೆ ಹೋಗಬೇಕಲ್ವಾ? ನಾನು ಮೂರು ವರ್ಷ ಬಾಗಿಲಿನ ಆಚೆ ನಿಂತು ಗೊಣಗಿದ್ದೇ ಆಯಿತು. ಹೋದ ಶುಕ್ರವಾರ ಯಜಮಾನ್ರು ಕೆಲಸಕ್ಕೆ ಹೋದ ಮೇಲೆ ಚಿಲಕ ತೆಗೆದೆ. ತುಕ್ಕು ಹಿಡಿದಿತ್ತು, ಕತ್ತರಿ ಹಿಡಿಯಿಂದ ಎರಡು ಹೊಡೆಯಬೇಕಾಯಿತು. ಒಳಗೆ ಮುಗ್ಗಲು ವಾಸನೆ. ದೀಪದ ಎಣ್ಣೆ ಅಂಟಿನ ಹಾಗೆ ಗಟ್ಟಿಯಾಗಿತ್ತು. ಹೂವು ಮುಟ್ಟಿದರೆ ಪುಡಿ. ಮಾರಮ್ಮನ ಫೋಟೊಗೆ ಜೇಡ ಬಲೆ ಕಟ್ಟಿ ಅವಳ ಒಂದು ಕಣ್ಣು ಮುಚ್ಚಿತ್ತು. ಬೈದೆ. ಏನು ಬೈದೆ ಅಂತ ಇಲ್ಲಿ ಬರೆಯುವುದಿಲ್ಲ. ಪಕ್ಕದ ಮನೆಯವರು ಟಿವಿ ದನಿ ಕಡಿಮೆ ಮಾಡಿದರು, ಅಷ್ಟು ಜೋರಾಗಿತ್ತು.

ಬೈಯುತ್ತಾ ಬಲೆ ತೆಗೆಯಲು ಫೋಟೊ ಎತ್ತಿದೆ. ಅದರ ಕೆಳಗೆ ಒಂದು ಕಾಗದ ಇತ್ತು. ಅವನ ಹಾಲ್ ಟಿಕೆಟ್. ಹಿಂದಿನ ಸೆಮಿಸ್ಟರ್‌ದು. ಪ್ರತಿ ಪರೀಕ್ಷೆಗೂ ಮುಂಚೆ ಅವಳ ಕಾಲ ಬಳಿ ಇಡುತ್ತಿದ್ದ. ನಂಬಿಕೆ ಅಂತೇನಿಲ್ಲ, ಅಜ್ಜಿ ಹೇಳಿದ್ದಳು ಅಂತ. ಅದು ಅಲ್ಲಿದೆ ಅನ್ನುವುದೇ ನನಗೆ ಮರೆತುಹೋಗಿತ್ತು. ಮೇಲೆ ಅರಿಶಿನದ ಕಲೆ. ಫೋಟೊದಲ್ಲಿ ಎರಡೂ ಕಡೆ ಕೂದಲು ಬೋಳಿಸಿಕೊಂಡು, ಗಂಭೀರವಾಗಿ ನೋಡುತ್ತಿದ್ದಾನೆ. ಮೂರು ವರ್ಷ ಆ ಕತ್ತಲೆ ಕೋಣೆಯಲ್ಲಿ ಅವರಿಬ್ಬರೇ ಇದ್ದರು, ಅವಳು ಮತ್ತೆ ಅವನು. ನಾನು ಅಲ್ಲೇ ನೆಲದ ಮೇಲೆ ಕೂತೆ. ಬೈಗುಳ ಎಲ್ಲಿಗೆ ನಿಂತಿತ್ತು ಅಂತ ನೆನಪಿಲ್ಲ.

ಮಧ್ಯಾಹ್ನ ಆಪಾ ಗಂಟು ತಗೊಂಡು ಹೋಗಲು ಬಂದರು. ಹೊಸಿಲಿನ ಆಚೆಯೇ ನಿಂತು ಕತ್ತು ಚಾಚಿ ನೋಡಿದರು. ಕೈಯಲ್ಲಿ ಏನು ಅಂದರು. ತೋರಿಸಿದೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿ, "ಈ ಕಟಿಂಗ್‌ಗೆ ನೀನು ಇವನಿಗೆ ಎಷ್ಟು ಬೈದಿದ್ದೆ, ಅವತ್ತು ನನ್ನ ಮನೆಗೆ ಬಂದು ಊಟ ಮಾಡಿದ" ಅಂದರು. ಅದು ನನಗೆ ಗೊತ್ತೇ ಇರಲಿಲ್ಲ.

ದೀಪ ಹಚ್ಚಿಲ್ಲ. ಎಣ್ಣೆ, ಬತ್ತಿ ಎರಡೂ ಹೊಸದು ತರಬೇಕು. ಹಾಲ್ ಟಿಕೆಟ್ ಎಲ್ಲಿತ್ತೋ ಅಲ್ಲೇ ಇಟ್ಟಿದ್ದೇನೆ. ಬಾಗಿಲು ಮಾತ್ರ ಹಾಕಿಲ್ಲ. ಬೆಕ್ಕು ಒಳಗೆ ಹೋಗಿ ಮಲಗುತ್ತದೆ, ಓಡಿಸಿ ಓಡಿಸಿ ಸಾಕಾಯಿತು.